ಮದುವೆ ಮನೆಯ ಫ್ಲ್ಯಾಶಿಗೆ ಯಾವ ಸೆಲ್ ಹಾಕಬೇಕು?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿಯವನು. ಮದುವೆ, ಉಪನಯನ, ಗೃಹಪ್ರವೇಶದ ಫೋಟೋ ತೆಗೆಯುತ್ತೇನೆ. ಗೋಡಾಕ್ಸ್ ಟಿಟಿ685 ಫ್ಲ್ಯಾಶ್ ಎರಡು ಇವೆ. ಇಲ್ಲಿಯವರೆಗೆ ಅಂಗಡಿಯ ಆಲ್ಕಲೈನ್ ಪೆನ್ಸಿಲ್ ಸೆಲ್ ಹಾಕುತ್ತಿದ್ದೆ. ಧಾರೆ ಹೊತ್ತಿಗೆ ಸರಿಯಾಗಿ ಫ್ಲ್ಯಾಶ್ ಸುಸ್ತಾಗುತ್ತದೆ. ರೀಚಾರ್ಜಬಲ್ ತಗೊಳ್ಳೋಣ ಅಂದರೆ ಒಬ್ಬರು 2000 ಎಂಎಎಚ್ ಸಾಕು ಅಂತಾರೆ, ಇನ್ನೊಬ್ಬರು ಅದರ ಅರ್ಧ ಬೆಲೆಗೆ 3200ರದ್ದು ತೋರಿಸುತ್ತಾರೆ. ಯುಎಸ್‌ಬಿ ಚುಚ್ಚಿ ಚಾರ್ಜ್ ಮಾಡುವ ಲಿಥಿಯಂ ಸೆಲ್ಲೂ ಬಂದಿದೆ. ರೀಚಾರ್ಜಬಲ್ ಮೇಲೆ 1.2 ವೋಲ್ಟ್ ಅಂತ ಬರೆದಿರುತ್ತದಲ್ಲ, ಫ್ಲ್ಯಾಶಿಗೆ ಕಮ್ಮಿ ಆಗೋದಿಲ್ವಾ? ಮಳೆಗಾಲದಲ್ಲಿ ಆಗುಂಬೆ ಕಡೆ ಕಪ್ಪೆ, ಹುಳದ ಫೋಟೋಕ್ಕೂ ಹೋಗುತ್ತೇನೆ. ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಉತ್ತರ: ಏನು ಕೊಳ್ಳಬೇಕು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್, ಎಎ ಸೈಜ್ (ನಿಮ್ಮ ಪೆನ್ಸಿಲ್ ಸೆಲ್ಲಿನದೇ ಅಳತೆ), ಸುಮಾರು 2000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ), ಸುಮ್ನೆ ಇಟ್ಟರೂ ಚಾರ್ಜ್ ಇಳಿಯದ ಜಾತಿಯದು. ಒಂದೇ ಕಂಪನಿ, ಒಂದೇ ಮಾದರಿ, ಒಂದೇ ದಿನ ಕೊಂಡ 16 ಸೆಲ್. ಅಂದರೆ ಪ್ರತಿ ಫ್ಲ್ಯಾಶಿಗೆ ನಾಲ್ಕು ಸೆಲ್ಲಿನ ಎರಡು ಸೆಟ್. ಜೊತೆಗೆ ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ ಚಾರ್ಜರ್. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಸದ್ಯಕ್ಕೆ 12 ಸೆಲ್ ತಗೊಳ್ಳಿ. ಚಾರ್ಜರ್‌ನಲ್ಲಿ ಮಾತ್ರ ಉಳಿತಾಯ ಮಾಡಲು ಹೋಗಬೇಡಿ.

ಈಗ ನಿಮ್ಮ 1.2 ವೋಲ್ಟಿನ ಅನುಮಾನ. ಇದು ಬಹಳ ಜನಕ್ಕೆ ಇದೆ, ಲೆಕ್ಕ ಹಾಕಿದರೆ ಐದು ನಿಮಿಷದಲ್ಲಿ ಹೋಗುತ್ತದೆ. ಫ್ಲ್ಯಾಶ್ ಒಳಗೆ ಮಿಂಚಿಗೆ ಬೇಕಾದ ವಿದ್ಯುತ್ ಕೂಡಿಡುವ ಒಂದು ದೊಡ್ಡ ಕೆಪ್ಯಾಸಿಟರ್ ಇರುತ್ತದೆ. ಒಂದು ಸಲ ಫುಲ್ ಪವರ್‌ನಲ್ಲಿ ಮಿಂಚಿದ ಮೇಲೆ ಅದು ಮತ್ತೆ 300 ವೋಲ್ಟಿನ ಆಸುಪಾಸಿಗೆ ತುಂಬಬೇಕು. ಆ ಎರಡು ಮೂರು ಸೆಕೆಂಡ್ ಫ್ಲ್ಯಾಶ್ ಸೆಲ್‌ಗಳಿಂದ ಹಲವು ಆಂಪಿಯರ್ ಕರೆಂಟ್ ಎಳೆಯುತ್ತದೆ. ಗೋಡೆ ಗಡಿಯಾರಕ್ಕೋ ಟಿವಿ ರಿಮೋಟಿಗೋ ಇಷ್ಟು ಯಾವತ್ತೂ ಬೇಕಾಗುವುದಿಲ್ಲ.

ಯಾವ ಸೆಲ್ಲಿಗಾದರೂ ಒಳಗೆ ಒಂದಿಷ್ಟು ತಡೆ ಇರುತ್ತದೆ. ಹೊಸ ಆಲ್ಕಲೈನ್ ಎಎ ಸೆಲ್‌ನಲ್ಲಿ ಅದು 0.15 ಓಮ್ ಆಸುಪಾಸು, ಬಳಸುತ್ತಾ ಇನ್ನೂ ಜಾಸ್ತಿ. ಐದು ಆಂಪಿಯರ್ ಎಳೆದರೆ 0.75 ವೋಲ್ಟ್ ಸೆಲ್ ಒಳಗೇ ಬಿಸಿಯಾಗಿ ಹೋಗುತ್ತದೆ. 1.5ರಲ್ಲಿ ಫ್ಲ್ಯಾಶಿಗೆ ಸಿಗುವುದು ಅರ್ಧ. ಒಳ್ಳೆಯ ನಿಕಲ್ ಸೆಲ್‌ನಲ್ಲಿ ತಡೆ 0.03 ಓಮ್ ಅಥವಾ ಇನ್ನೂ ಕಮ್ಮಿ. ಅದೇ ಐದು ಆಂಪಿಯರಿಗೆ ಹೋಗುವುದು 0.15 ವೋಲ್ಟ್ ಮಾತ್ರ. 1.2ರಲ್ಲಿ 1.05 ಉಳಿಯುತ್ತದೆ. ಹೊರಗೆ ಬರೆದ ಸಂಖ್ಯೆ ಕಮ್ಮಿ, ಫ್ಲ್ಯಾಶಿಗೆ ಸಿಗುವ ವೋಲ್ಟ್ ಜಾಸ್ತಿ. ನಿಮ್ಮ ಫ್ಲ್ಯಾಶ್ ಧಾರೆ ಹೊತ್ತಿಗೆ ಸುಸ್ತಾಗುವುದೂ ಇದಕ್ಕೇ. ವರಪೂಜೆ, ಕಾಶೀಯಾತ್ರೆ ಮುಗಿಯುವಷ್ಟರಲ್ಲಿ ಆಲ್ಕಲೈನ್‌ನ ಒಳತಡೆ ಏರಿರುತ್ತದೆ. ಮತ್ತೆ ಮಿಂಚಲು ತಯಾರು ಅಂತ ತೋರಿಸುವ ರೆಡಿ ಲೈಟ್ ಹತ್ತಲು ಏಳೆಂಟು ಸೆಕೆಂಡ್ ಬೇಕಾಗುತ್ತದೆ. ಅಷ್ಟರಲ್ಲಿ ಅಂತರಪಟ ಸರಿದು, ಅಕ್ಷತೆ ಬಿದ್ದೂ ಆಗಿರುತ್ತದೆ. ಆ ಸೆಲ್ ಪೂರ್ತಿ ಸತ್ತಿದೆಯಾ ಅಂದರೆ ಅದೂ ಇಲ್ಲ. ಫ್ಲ್ಯಾಶಿನಿಂದ ತೆಗೆದು ಗಡಿಯಾರಕ್ಕೆ ಹಾಕಿ ನೋಡಿ, ತಿಂಗಳುಗಟ್ಟಲೆ ನಡೆಯುತ್ತದೆ.

3200 ಎಂಎಎಚ್ ಸೆಲ್ಲಿನ ಬಗ್ಗೆ ನನ್ನ ಮಾತು ಸ್ವಲ್ಪ ಖಾರ ಅನ್ನಿಸಬಹುದು. ಎಎ ಸೈಜಿನ ನಿಕಲ್ ಸೆಲ್‌ನಲ್ಲಿ 3200 ತುಂಬಲು ಜಾಗವೇ ಇಲ್ಲ. ಪ್ರಾಮಾಣಿಕ ಕಂಪನಿಗಳು 2500, ಹೆಚ್ಚೆಂದರೆ 2700ರ ಹತ್ತಿರ ನಿಲ್ಲುತ್ತವೆ. ಅದಕ್ಕಿಂತ ಮೇಲೆ ಬರೆದದ್ದೆಲ್ಲ ಪ್ರಿಂಟಿಂಗ್ ಪ್ರೆಸ್ಸಿನ ಸಾಮರ್ಥ್ಯ. ಇದನ್ನು ಹಿಡಿಯುವುದು ಸುಲಭ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಸಾಕು, ಇಲ್ಲದಿದ್ದರೆ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಒಯ್ಯಿರಿ. 2000 ಎಂಎಎಚ್‌ನ ಒಳ್ಳೆಯ ಸೆಲ್ ಸುಮಾರು 26–27 ಗ್ರಾಂ ತೂಗುತ್ತದೆ. 2500ರದ್ದು 30 ಗ್ರಾಂ ಹತ್ತಿರ. 3200 ಅಂತ ಬರೆದ ಸೆಲ್ 18–20 ಗ್ರಾಂ ತೂಗಿದರೆ ಒಳಗೆ ಏನಿದೆ, ಏನಿಲ್ಲ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಚಾರ್ಜ್ ಇಳಿಯದ ಜಾತಿ ಅಂದೆನಲ್ಲ, ಅದೇನೆಂದು ಹೇಳಬೇಕು. ಹಳೆಯ ಕಾಲದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಚಾರ್ಜ್ ಮಾಡಿ ಇಟ್ಟರೆ ತಾನಾಗಿಯೇ ಸೋರುತ್ತಿತ್ತು. ಮೊದಲ ದಿನವೇ ಒಂದಿಷ್ಟು ಇಳಿದು, ತಿಂಗಳು ಕಳೆಯುವಷ್ಟರಲ್ಲಿ ಮೂರನೇ ಒಂದು ಭಾಗದವರೆಗೂ ಹೋಗುತ್ತಿತ್ತು. ಸೆಖೆಯಲ್ಲಿ ಇನ್ನೂ ಬೇಗ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಅನ್ನುವ ಸೆಲ್ ತಂದಿತು. ವರ್ಷ ಬಿಟ್ಟು ತೆಗೆದರೂ ಬಹುಪಾಲು ಚಾರ್ಜ್ ಹಾಗೇ ಇರುತ್ತಿತ್ತು. ಈಗ ಅದೇ ಸೆಲ್ ಪ್ಯಾನಾಸೋನಿಕ್ ಹೆಸರಿನಲ್ಲಿ ಬರುತ್ತದೆ. ಇದೇ ಬಗೆಯ ಸೆಲ್ ಬೇರೆ ಕಂಪನಿಗಳೂ ಮಾಡುತ್ತವೆ. ಪ್ಯಾಕೆಟ್ ಮೇಲೆ 'ಲೋ ಸೆಲ್ಫ್ ಡಿಸ್ಚಾರ್ಜ್', 'ರೆಡಿ ಟು ಯೂಸ್' ಅಥವಾ 'ಪ್ರೀ ಚಾರ್ಜ್ಡ್' ಅಂತ ಇದ್ದರೆ ಈ ಜಾತಿ ಅಂತ ತಿಳಿಯಿರಿ. ಮಾರ್ಗಶಿರದ ಮದುವೆ ಮುಗಿದರೆ ನಿಮಗೆ ಮುಂದಿನದು ಮಾಘಕ್ಕೆ. ಮಧ್ಯೆ ಬ್ಯಾಗಿನಲ್ಲಿ ಮಲಗಿದ್ದ ಸೆಲ್ ಎದ್ದು ಕೆಲಸ ಮಾಡಬೇಕಾದರೆ ಇದೇ ಆಗಬೇಕು.

ಎನೆಲೂಪ್‌ನಲ್ಲಿ ಬಿಳಿ, ಕಪ್ಪು ಎರಡು ಇವೆ. ಕಪ್ಪು ಪ್ರೋ ಮಾದರಿ 2500 ಎಂಎಎಚ್‌ನದು, ಬೆಲೆಯೂ ಜಾಸ್ತಿ. ಮದುವೆ ಫೋಟೋದವರು ಅದನ್ನೇ ಹುಡುಕುತ್ತಾರೆ. ನಾನು ಬಿಳಿಯದನ್ನೇ ಹೇಳುತ್ತೇನೆ. ಕಪ್ಪಿನಲ್ಲಿ ಸಿಗುವುದು ಕಾಲು ಭಾಗದಷ್ಟು ಹೆಚ್ಚಿನ ಮಿಂಚು. ಆದರೆ ಕಂಪನಿಯೇ ಹೇಳುವಂತೆ ಚಾರ್ಜ್ ಮಾಡಬಹುದಾದ ಸಲ ಬಿಳಿಯದಕ್ಕಿಂತ ಬಹಳ ಕಮ್ಮಿ. ಇಟ್ಟಾಗ ಇಳಿಯುವುದೂ ಬೇಗ. ಒಂದು ಸೆಟ್ ಬದಲಾಯಿಸಲು ಇಪ್ಪತ್ತು ಸೆಕೆಂಡ್ ಸಾಕಾಗುವಾಗ ಆ ಕಾಲು ಭಾಗಕ್ಕೆ ಅಷ್ಟು ಬೆಲೆ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಲಿಥಿಯಂ ಅನ್ನುವ ಹೆಸರಿನಲ್ಲಿ ಮೂರು ಬೇರೆಬೇರೆ ವಸ್ತು ಮಾರುತ್ತಾರೆ, ಗೊಂದಲ ಅಲ್ಲೇ. ನೀವು ಕೇಳಿದ ಯುಎಸ್‌ಬಿ ಸೆಲ್ ಒಳಗೆ ಪುಟ್ಟ ಲಿಥಿಯಂ ಸೆಲ್, ಅದರ ತಲೆ ಮೇಲೆ ವೋಲ್ಟ್ ಇಳಿಸುವ ಒಂದು ಸರ್ಕ್ಯೂಟ್ ಇರುತ್ತದೆ. ಆ ಸರ್ಕ್ಯೂಟ್ ಎಷ್ಟು ಕರೆಂಟ್ ಬಿಡುತ್ತದೋ ಅಷ್ಟೇ. ಎರಡು ಆಂಪಿಯರ್ ಆಸುಪಾಸಿಗೆ ನಿಲ್ಲುವವೇ ಜಾಸ್ತಿ. ಫ್ಲ್ಯಾಶ್ ಇನ್ನೂ ಕೇಳಿದರೆ ಕೆಲವು ನಿಧಾನ ಮಾಡುತ್ತವೆ, ಕೆಲವು ಪಟ್ಟನೆ ಬಂದ್ ಆಗುತ್ತವೆ. ಮೌಸಿಗೆ, ಮಕ್ಕಳ ಆಟಿಕೆಗೆ ಅಡ್ಡಿಯಿಲ್ಲ. ಫ್ಲ್ಯಾಶಿಗೆ ಬೇಡ. ಎರಡನೆಯದು ಚಾರ್ಜ್ ಮಾಡಲಾಗದ ಲಿಥಿಯಂ ಸೆಲ್. ಹಗುರ, ವರ್ಷಗಟ್ಟಲೆ ಇಡಬಹುದು. ಆದರೆ ಒಂದೇ ಸಮನೆ ಮಿಂಚಿಸಿದರೆ ಬಿಸಿಯಾಗುತ್ತದೆ, ಕೆಲವು ಫ್ಲ್ಯಾಶ್ ಕಂಪನಿಗಳು ಬೇಡ ಅಂತಲೇ ಪುಸ್ತಕದಲ್ಲಿ ಬರೆಯುತ್ತವೆ. ಮೂರನೆಯದು 14500 ಅನ್ನುವ ಸಂಖ್ಯೆಯ ಸೆಲ್. ನೋಡಲು ಥೇಟ್ ಪೆನ್ಸಿಲ್ ಸೆಲ್, ಟಾರ್ಚ್ ಅಂಗಡಿಯಲ್ಲಿ ಸಿಗುತ್ತದೆ. ಅದು 3.7 ವೋಲ್ಟಿನದು. ಫುಲ್ ಚಾರ್ಜ್ ಆದ ನಾಲ್ಕು ಹಾಕಿದರೆ 16 ವೋಲ್ಟಿನ ಮೇಲೆ. ಆರು ವೋಲ್ಟಿಗೆ ಮಾಡಿದ ಫ್ಲ್ಯಾಶ್ ಅಲ್ಲಿಗೆ ಮುಗಿಯಿತು. ಇದನ್ನು ಹತ್ತಿರವೂ ಸೇರಿಸಬೇಡಿ. ನಿಕಲ್ ಜಿಂಕ್ ಅಂತ 1.6 ವೋಲ್ಟಿನ ಇನ್ನೊಂದು ಇದೆ. ರೆಡಿ ಲೈಟ್ ಬೇಗ ಹತ್ತುತ್ತದೆ, ಫ್ಲ್ಯಾಶೂ ಬೇಗ ಕಾಯುತ್ತದೆ, ಸೆಲ್ಲಿನ ಆಯಸ್ಸೂ ಕಮ್ಮಿ.

ಲಿಥಿಯಂ ಬೇಕೇಬೇಕು ಅಂದರೆ ದಾರಿ ಬೇರೆ. ಗೋಡಾಕ್ಸ್‌ನದೇ ವಿ860 ಮೂರನೇ ಮಾದರಿಯಂಥ ಫ್ಲ್ಯಾಶಿಗೆ ಅದರದ್ದೇ 7.2 ವೋಲ್ಟಿನ ಪ್ಯಾಕ್ ಬರುತ್ತದೆ. ಫುಲ್ ಪವರ್‌ನಲ್ಲಿ ಸುಮಾರು 480 ಸಲ, ಒಂದೂವರೆ ಸೆಕೆಂಡಿಗೆ ಒಂದರಂತೆ ಮಿಂಚುತ್ತದೆ ಅನ್ನುವುದು ಕಂಪನಿಯ ಲೆಕ್ಕ. ನಿಮ್ಮ ಟಿಟಿ685ಕ್ಕೆ ಅದೇ ಕಂಪನಿ ಹೇಳುವುದು 230 ಸಲ, 2.6 ಸೆಕೆಂಡ್, ಅದೂ 2500ರ ಸೆಲ್ ಹಾಕಿದಾಗ. ಮುಂದೆ ಹೊಸ ಫ್ಲ್ಯಾಶ್ ಕೊಳ್ಳುವಾಗ ಯೋಚನೆ ಮಾಡಿ. ಇರುವ ಎರಡನ್ನು ಮಾರಿ ಅದನ್ನು ತರುವಷ್ಟು ಅವಸರ ನನಗೆ ಕಾಣುತ್ತಿಲ್ಲ. ಪೆನ್ಸಿಲ್ ಸೆಲ್ಲಿಗೆ ಇನ್ನೊಂದು ಗುಣ ಇದೆ. ಎಲ್ಲ ಕೈಕೊಟ್ಟ ದಿನ ಕೊಪ್ಪದಲ್ಲೋ ಹೊಸನಗರದಲ್ಲೋ ಸಂತೆ ಬೀದಿಯ ಅಂಗಡಿಗೆ ಹೋದರೆ ನಾಲ್ಕು ಆಲ್ಕಲೈನ್ ಆದರೂ ಸಿಗುತ್ತದೆ. ಲಿಥಿಯಂ ಪ್ಯಾಕ್ ಅಲ್ಲಿ ಸಿಗುವುದಿಲ್ಲ.

230 ಅನ್ನುವ ಸಂಖ್ಯೆಯನ್ನು ಹಾಗೇ ನಂಬಿ ಮದುವೆಗೆ ಹೊರಡಬೇಡಿ, ಅದು ಯಾವ ಮನೆಯ ಮದುವೆ ಅನ್ನುವುದರ ಮೇಲೆ ಹೋಗುತ್ತದೆ. ಶಿವಮೊಗ್ಗದ ಕಲ್ಯಾಣ ಮಂಟಪದಲ್ಲಿ ಬಿಳಿ ಬಣ್ಣದ ತಗ್ಗು ಸೀಲಿಂಗ್ ಇದ್ದರೆ ಫ್ಲ್ಯಾಶಿನ ತಲೆ ಮೇಲಕ್ಕೆತ್ತಿ ಬೌನ್ಸ್ ಮಾಡಬಹುದು, ಅಂದರೆ ಬೆಳಕನ್ನು ಸೀಲಿಂಗಿಗೆ ಬಡಿಸಿ ಕೆಳಗೆ ಬೀಳಿಸಬಹುದು. ಕಾಲು ಪವರ್ ಸಾಕು, ಅಂದರೆ 230ರ ನಾಲ್ಕು ಪಟ್ಟು. ಅದೇ ಹೆಂಚಿನ ಮನೆಯಲ್ಲಿ ಏನಾಗುತ್ತದೆ? ತಲೆ ಮೇಲೆ ಹೊಗೆ ಹಿಡಿದ ಮರದ ಜಂತಿ, ಅದರ ಮೇಲೆ ಅಟ್ಟ. ಬೆಳಕು ಹೋದದ್ದು ವಾಪಸು ಬರುವುದೇ ಇಲ್ಲ. ಕ್ಯಾಮೆರಾ ಬೆಳಕು ಸಾಲದು ಅಂತ ಪ್ರತಿ ಸಲವೂ ಫುಲ್ ಪವರ್ ಕೇಳುತ್ತದೆ. ಅಂಗಳದ ಚಪ್ಪರಕ್ಕೆ ಕೆಂಪು, ಹಳದಿ ಬಟ್ಟೆ ಕಟ್ಟಿದ್ದರೆ ಬೌನ್ಸ್ ಆದ ಬೆಳಕಿಗೂ ಅದೇ ಬಣ್ಣ. ಇಂಥ ಕಡೆ ಸೆಲ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಬೌನ್ಸ್ ಆಸೆ ಬಿಟ್ಟು, ಎರಡನೇ ಫ್ಲ್ಯಾಶನ್ನು ಸ್ಟ್ಯಾಂಡಿನ ಮೇಲೆ ಬಿಳಿ ಕೊಡೆ ಹಾಕಿ ಮಂಟಪದ ಪಕ್ಕಕ್ಕೆ ನಿಲ್ಲಿಸಿ. ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಐಎಸ್ಒ ಸಂಖ್ಯೆಯನ್ನು 400ರಿಂದ 1600ಕ್ಕೆ ಏರಿಸಿ. ಬೇಕಾಗುವ ಪವರ್ ಕಾಲು ಭಾಗಕ್ಕೆ ಇಳಿಯುತ್ತದೆ. ಇಂದಿನ ಕ್ಯಾಮೆರಾಗಳಿಗೆ 1600 ಏನೂ ಅಲ್ಲ. ಒಂದು ಪೈಸೆ ಖರ್ಚಿಲ್ಲದೆ ನಾಲ್ಕು ಸೆಟ್ ಸೆಲ್ಲಿನ ಕೆಲಸ ಒಂದು ಸೆಟ್ಟಿನಲ್ಲಿ ಆಯಿತು.

ಫುಲ್ ಪವರ್‌ನಲ್ಲೇ ತೆಗೆಯಬೇಕಾಗಿ ಬಂದರೆ ಸಾಲಾಗಿ 20–30 ಮಿಂಚು ಆದ ಮೇಲೆ ಫ್ಲ್ಯಾಶಿಗೆ ಹತ್ತು ನಿಮಿಷ ಬಿಡುವು ಕೊಡಿ. ಒಳ್ಳೆಯ ಸೆಲ್ ಹಾಕಿದಾಗ ಈ ಅಪಾಯ ಜಾಸ್ತಿ. ಆಲ್ಕಲೈನ್ ನಿಧಾನವಾಗಿ ತುಂಬುತ್ತಿದ್ದರಿಂದ ಫ್ಲ್ಯಾಶಿಗೆ ತಾನಾಗಿಯೇ ಆರುವ ಸಮಯ ಸಿಗುತ್ತಿತ್ತು, ಈಗ ಸಿಗುವುದಿಲ್ಲ.

ಸೆಟ್ಟಿನ ವಿಷಯಕ್ಕೆ ಬರುತ್ತೇನೆ. ನಾಲ್ಕು ಸೆಲ್ ಒಂದರ ಹಿಂದೊಂದು ಸಾಲಾಗಿ ಕೂರುತ್ತವೆ, ಒಂದೇ ಕರೆಂಟ್ ನಾಲ್ಕರಲ್ಲೂ ಹರಿಯುತ್ತದೆ. ಪಲ್ಲಕ್ಕಿ ಹೊತ್ತ ನಾಲ್ವರಲ್ಲಿ ಒಬ್ಬ ಕುಂಟಿದರೆ ಉಳಿದ ಮೂವರ ಬಲ ಇದ್ದೂ ಇಲ್ಲದಂತೆ. ಸೆಲ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೊದಲು ಖಾಲಿಯಾದ ಸೆಲ್ ಮೂಲಕ ಉಳಿದ ಮೂರು ಬಲವಂತವಾಗಿ ಕರೆಂಟ್ ತಳ್ಳಿದಾಗ ಅದರ ಪ್ಲಸ್ ಮೈನಸ್ ತಿರುಗುಮುರುಗಾಗುತ್ತದೆ. ಹಾಗೆ ಎರಡು ಮೂರು ಸಲ ಆದರೆ ಆ ಸೆಲ್ ಕಥೆ ಮುಗಿಯಿತು. ಆದ್ದರಿಂದ ಹಳೆಯದಕ್ಕೆ ಹೊಸದು, ಬಿಳಿಗೆ ಕಪ್ಪು, ಅರ್ಧ ಖಾಲಿಗೆ ಫುಲ್ ಬೆರೆಸಬಾರದು. ಕೊಂಡ ದಿನವೇ ಪರ್ಮನೆಂಟ್ ಮಾರ್ಕರ್‌ನಲ್ಲಿ ಪ್ರತಿ ಸೆಲ್ ಮೇಲೂ ಸೆಟ್ಟಿನ ಅಕ್ಷರ, ತಿಂಗಳು ಮತ್ತು ವರ್ಷ ಬರೆಯಿರಿ. 'ಅ' ಸೆಟ್ಟಿನ ನಾಲ್ಕು ಯಾವಾಗಲೂ ಒಟ್ಟಿಗೇ ಹೋಗಬೇಕು, ಒಟ್ಟಿಗೇ ಬರಬೇಕು. ನಾಲ್ಕು ಸೆಲ್ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಫುಲ್ ಆದದ್ದರ ಮೊಟ್ಟು (ಪ್ಲಸ್ ತುದಿ) ಮೇಲೆ, ಖಾಲಿಯದ್ದರ ಮೊಟ್ಟು ಕೆಳಗೆ ಅಂತ ಇಟ್ಟುಕೊಂಡರೆ ಗಟ್ಟಿಮೇಳದ ಗದ್ದಲದಲ್ಲೂ ಕೈ ತಪ್ಪುವುದಿಲ್ಲ.

ನಿಕಲ್ ಸೆಲ್ ಕೊನೆಯವರೆಗೂ ಒಂದೇ ವೋಲ್ಟ್ ಕೊಡುತ್ತಾ ಬಂದು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಬ್ಯಾಟರಿ ಗುರುತನ್ನು ನಂಬಿ ಕೂರಬೇಡಿ. ರೆಡಿ ಲೈಟ್ ನೋಡಿ. ಬೆಳಿಗ್ಗೆ ಮೂರು ಸೆಕೆಂಡಿಗೆ ಹತ್ತುತ್ತಿದ್ದದ್ದು ಈಗ ಆರು ತೆಗೆದುಕೊಂಡರೆ ಸೆಟ್ ಬದಲಾಯಿಸಿ. ಧಾರೆಗೆ ಹತ್ತು ನಿಮಿಷ ಇರುವಾಗ, ಹಳೆಯದು ಹೇಗೇ ಇರಲಿ, ಹೊಸ ಸೆಟ್ ಹಾಕಿಬಿಡಿ.

ಚಾರ್ಜರ್ ಬಗ್ಗೆ ಅಷ್ಟು ಗಟ್ಟಿಯಾಗಿ ಹೇಳಿದ್ದು ನಿಮ್ಮೂರಿನ ಕರೆಂಟಿಗಾಗಿ. ಅಗ್ಗದ ಚಾರ್ಜರ್‌ಗಳು ಗಡಿಯಾರದ ಮೇಲೆ ನಡೆಯುತ್ತವೆ. ಇಷ್ಟು ಗಂಟೆ ಕರೆಂಟ್ ಕೊಡು, ಆಮೇಲೆ ನಿಲ್ಲಿಸು, ಅಷ್ಟೇ ಅವಕ್ಕೆ ಗೊತ್ತು. ಕರೆಂಟ್ ಹೋಗಿ ಬಂತು ಅಂದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಆಷಾಢದ ಒಂದು ರಾತ್ರಿಯಲ್ಲಿ ನಾಲ್ಕು ಸಲ ಕರೆಂಟ್ ಹೋಗಿ ಬಂದರೆ ತುಂಬಿದ ಸೆಲ್ಲಿಗೇ ಮತ್ತೆಮತ್ತೆ ತುರುಕಿದಂತೆ. ಬೆಳಿಗ್ಗೆ ಮುಟ್ಟಿದರೆ ಕೈ ಸುಡುತ್ತದೆ. ಒಳ್ಳೆಯ ಸೆಲ್ ವರ್ಷದೊಳಗೆ ಹಾಳಾಗುವುದು ಬಹುತೇಕ ಹೀಗೆ. ಕೆಲವು ಚಾರ್ಜರ್‌ಗಳು ಎರಡೆರಡು ಸೆಲ್ಲನ್ನು ಜೋಡಿಯಾಗಿ ನೋಡುತ್ತವೆ, ಅದರಲ್ಲಿ ಒಂದು ತುಂಬಿ ಇನ್ನೊಂದು ಅರ್ಧಕ್ಕೇ ಉಳಿಯುತ್ತದೆ.

ಬುದ್ಧಿ ಇರುವ ಚಾರ್ಜರ್ ಪ್ರತಿ ಸೆಲ್ಲಿನ ವೋಲ್ಟನ್ನೂ ಬೇರೆಬೇರೆ ನೋಡುತ್ತದೆ. ನಿಕಲ್ ಸೆಲ್ ತುಂಬಿದ ಕ್ಷಣದಲ್ಲಿ ವೋಲ್ಟ್ ಏರುವುದು ನಿಂತು ಕೂದಲೆಳೆಯಷ್ಟು, ಕೆಲವೇ ಮಿಲಿವೋಲ್ಟ್, ಇಳಿಯುತ್ತದೆ. ಅದನ್ನು ಹಿಡಿದು ಚಾರ್ಜ್ ನಿಲ್ಲಿಸುತ್ತದೆ. ಕರೆಂಟ್ ಹೋಗಿ ಬಂದರೂ ಸ್ವಲ್ಪ ಹೊತ್ತಿನಲ್ಲೇ ತುಂಬಿದೆ ಅಂತ ತಿಳಿದುಕೊಳ್ಳುತ್ತದೆ. ಕೊಳ್ಳುವಾಗ ನಾಲ್ಕು ಸೆಲ್ಲಿಗೆ ನಾಲ್ಕು ದೀಪ ಅಥವಾ ನಾಲ್ಕು ಅಂಕಿ ಇದೆಯಾ ನೋಡಿ. ಎರಡೇ ದೀಪ ಇದ್ದರೆ ಅದು ಜೋಡಿ ಚಾರ್ಜರ್. ಬೇಕಾದಷ್ಟು ಕರೆಂಟ್ ಆರಿಸಿಕೊಳ್ಳುವ ಸೌಲಭ್ಯ ಇದ್ದರೆ 2000ರ ಸೆಲ್ಲಿಗೆ 700ರಿಂದ 1000 ಮಿಲಿಆಂಪಿಯರ್ ಇಡಿ. ನಿಧಾನವಾದಷ್ಟೂ ಒಳ್ಳೆಯದು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. 200ಕ್ಕೆ ಇಟ್ಟರೆ ಆ ಸಣ್ಣ ಇಳಿತ ಚಾರ್ಜರ್ ಕಣ್ಣಿಗೆ ಬೀಳದೇ ಹೋಗಬಹುದು. ಫ್ಲ್ಯಾಶಿನಿಂದ ಬಿಸಿಬಿಸಿ ತೆಗೆದ ಸೆಲ್ಲನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ, ಆರಲಿ.

ಎರಡು ಮೂರು ದಿನ ಕರೆಂಟೇ ಇಲ್ಲದ ಪರಿಸ್ಥಿತಿಗೆ 5 ವೋಲ್ಟ್ ಯುಎಸ್‌ಬಿಯಲ್ಲಿ ಅಥವಾ ಕಾರಿನ 12 ವೋಲ್ಟಿನಲ್ಲಿ ನಡೆಯುವ ಚಾರ್ಜರ್ ಅನುಕೂಲ. 10000 ಎಂಎಎಚ್ ಪವರ್ ಬ್ಯಾಂಕ್ ಸುಮಾರು ಒಂದೂವರೆಯಿಂದ ಎರಡು ಸೆಟ್ ತುಂಬುತ್ತದೆ. ಜೀಪಿನಲ್ಲಿ ಶೃಂಗೇರಿಗೆ ಹೋಗಿ ಬರುವ ದಾರಿಯಲ್ಲೂ ಒಂದು ಸೆಟ್ ಆಗುತ್ತದೆ. ಚಾರ್ಜ್ ಆಗುತ್ತಿರುವ ಸೆಲ್ಲನ್ನು ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ.

ಕಪ್ಪೆ, ಹುಳದ ಫೋಟೋಕ್ಕೆ ಲೆಕ್ಕವೇ ಬೇರೆ. ಅಲ್ಲಿ ಫ್ಲ್ಯಾಶ್ ಒಂದು ಅಡಿ ದೂರದಲ್ಲಿರುತ್ತದೆ, 1/16 ಪವರ್ ಸಾಕು. ಒಂದು ಸೆಟ್‌ನಲ್ಲಿ ಸಾವಿರಗಟ್ಟಲೆ ಮಿಂಚು. ರಾತ್ರಿ ಪೂರ್ತಿ ತೆಗೆದರೂ ಸೆಲ್ ಮುಗಿಯುವುದಿಲ್ಲ. ಅಲ್ಲಿ ಕೈಕೊಡುವುದು ತೇವ. ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳುವ ಆಗುಂಬೆಯ ಸುತ್ತ ಲೆನ್ಸಿಗೆ ಬೂಷ್ಟು ಬರುವುದನ್ನು ನೋಡಿದ್ದೀರಿ. ಅದೇ ತೇವ ಫ್ಲ್ಯಾಶಿನ ಸೆಲ್ ಕೂರುವ ಸ್ಪ್ರಿಂಗಿಗೂ ತಗಲುತ್ತದೆ. ಕಿಲುಬಿನ ಒಂದು ತೆಳು ಪದರ ಸಾಕು, ಅಲ್ಲೇ ತಡೆ ಏರಿ ಹೊಸ ಸೆಲ್ಲೂ ಮುದಿ ಸೆಲ್ಲಿನಂತೆ ಆಡುತ್ತದೆ. ಸೆಲ್ ಹಾಳಾಗಿದೆ ಅಂತ ಎಸೆಯುವ ಮೊದಲು ಎರಡೂ ತುದಿಯನ್ನು, ಸ್ಪ್ರಿಂಗನ್ನು ಒರಟು ಬಟ್ಟೆಯಲ್ಲಿ ಉಜ್ಜಿ ನೋಡಿ. ಮಳೆಯಲ್ಲಿ ನಿಂತು ಸೆಲ್ ಬಾಗಿಲು ತೆರೆಯಬೇಡಿ. ಹೊರಡುವ ಮೊದಲೇ ಫುಲ್ ಸೆಟ್ ಹಾಕಿಕೊಂಡು ಹೋಗಿ. ಮನೆಗೆ ಬಂದ ಮೇಲೆ ಸೆಲ್ ತೆಗೆದು, ಬಾಗಿಲು ತೆರೆದಿಟ್ಟು ಒಣಗಿಸಿ, ಆಮೇಲೆ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಗೆ ಹಾಕಿ.

ಇಷ್ಟು ದಿನ ಆಲ್ಕಲೈನ್ ಬಳಸಿದ್ದೀರಲ್ಲ, ನಿಮ್ಮ ಎರಡೂ ಫ್ಲ್ಯಾಶಿನ ಒಳಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಆಲ್ಕಲೈನ್ ಸೋರುವ ಸೆಲ್. ಸೋರಿದ ಕಡೆ ಬಿಳಿ ಪುಡಿ ಕಟ್ಟಿರುತ್ತದೆ. ಅದು ಕ್ಷಾರ, ಕೈಗೆ, ಕಣ್ಣಿಗೆ ತಾಗಿಸಿಕೊಳ್ಳಬೇಡಿ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ, ಹಿಂಡಿ, ಪುಡಿಯ ಮೇಲೆ ಒತ್ತಿ. ಸಣ್ಣಗೆ ನೊರೆ ಬಂದು ಕರಗುತ್ತದೆ. ಆಮೇಲೆ ಒದ್ದೆ ಕಡ್ಡಿಯಲ್ಲಿ ಎರಡು ಸಲ ಒರೆಸಿ, ಒಂದು ದಿನ ಒಣಗಲು ಬಿಡಿ. ಇದೆಲ್ಲ ಸೆಲ್ ಕೂರುವ ಗೂಡಿನಲ್ಲಿ ಮಾತ್ರ. ಸ್ಕ್ರೂ ಬಿಚ್ಚಿ ಫ್ಲ್ಯಾಶ್ ತೆರೆಯಲು ಹೋಗಬೇಡಿ. ಸೆಲ್ ತೆಗೆದ ಮೇಲೂ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್ ಉಳಿದಿರಬಹುದು, ಜೀವಕ್ಕೇ ಅಪಾಯ.

ಹೊಸ ಸೆಲ್ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಆಗಿಯೇ ಬರುತ್ತದೆ, ಆದರೂ ಮೊದಲ ಸಲ ಪೂರ್ತಿ ಚಾರ್ಜ್ ಮಾಡಿ ಹಾಕಿ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅನ್ನುವುದು ಹಳೆಯ ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಟಾರ್ಚಿಗೆ ಹಾಕಿ ಸಾಯಿಸಬೇಡಿ. ಕೆಲವು ವರ್ಷದ ನಂತರ ಒಂದು ಸೆಟ್ ನಿಧಾನವಾದರೆ ಫ್ಲ್ಯಾಶಿನ ಕೆಲಸದಿಂದ ಬಿಡಿಸಿ ಟ್ರಿಗರ್, ರಿಮೋಟ್, ಗಡಿಯಾರಕ್ಕೆ ಇಳಿಸಿ, ಅಲ್ಲಿ ಇನ್ನೂ ಬಹಳ ಕಾಲ ದುಡಿಯುತ್ತದೆ. ಅಲ್ಲೂ ನಡೆಯದಾದಾಗ ಗೊಬ್ಬರದ ಗುಂಡಿಗೆ, ತೋಟಕ್ಕೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಿಸುವವರದೇ. ತುದಿಗೆ ಟೇಪ್ ಸುತ್ತಿ ಒಂದು ಡಬ್ಬಿಯಲ್ಲಿ ಕೂಡಿಡಿ, ಶಿವಮೊಗ್ಗಕ್ಕೆ ಬಂದಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.